ಎಜ್ರಾ ಸಾಹೇಬರ ಬಾಗಿಲಲ್ಲಿದ್ದ ಸುರುಳಿ

ಆ ಸುರುಳಿಯನ್ನು ಒಲೆಗೆ ಹಾಕಿದ್ದು ಯಾರ ಕೈ ಎಂಬುದು ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ, ಮಿಲ್ಕಕ್ಕ, ಕ್ಯಾಮೆರಾದ ಮುಂದೆ ನಿಮ್ಮ ಪಕ್ಕದಲ್ಲೇ ಕೂತು, ನಮ್ಮಪ್ಪನ ಕೈ ಎಂದುಬಿಟ್ಟೆ.

ಚರಿತ್ರೆ ಪಾಠ ಮಾಡಿದವನು ನಾನು. ಆಧಾರವಿಲ್ಲದೆ ಒಂದು ಸಾಲನ್ನೂ ಬರೆಯಬೇಡಿ ಎಂದು ವರ್ಷಾನುಗಟ್ಟಲೆ ಹುಡುಗರನ್ನು ಗದರಿಸಿದವನು. ಆ ದಿನ ಮಾತ್ರ —

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಬೇರೆಯವರೂ ಓದಲಿ ಎಂದು. ಅರಸೀಕೆರೆ ಜಂಕ್ಷನ್ನಿನ ಕೆಲಸಕ್ಕಾಗಿ ಮುಂಬೈ ಕಡೆಯಿಂದ ಬಂದು ನೆಲೆಸಿದ ಯೆಹೂದಿ ಮನೆಗಳು ಕೆಲವೇ. ನೀವು ಯೆಹೂದಿಗಳೆಂದು ಊರಿಗೆ ತಿಳಿದೇ ಇರಲಿಲ್ಲ. ಶನಿವಾರ ಒಲೆ ಹಚ್ಚದ ರೈಲ್ವೆ ಸಾಹೇಬರು, ಅಷ್ಟೇ. ಒಂದೊಂದೇ ಮನೆ ಖಾಲಿಯಾಯಿತು. ಕೊನೆಗೆ ಉಳಿದ ನಿಮ್ಮ ತಂದೆ, ಗಾರ್ಡ್ ಎಜ್ರಾ ಸಾಹೇಬರು, ನಿವೃತ್ತರಾದ ಮೇಲೆ ಮನೆಯನ್ನು ಕೊಬ್ಬರಿ ವ್ಯಾಪಾರಿಯಾದ ನಮ್ಮಪ್ಪ ರುದ್ರಪ್ಪನವರಿಗೆ ಮಾರಿದರು.

ಬೀಗದ ಕೈ ಕೊಟ್ಟ ದಿನ ಸಾಹೇಬರು ಬಾಗಿಲ ಬಲಗಡೆಯ ಚೌಕಟ್ಟಿನಿಂದ ಹಿತ್ತಾಳೆಯ ಕೊಳವೆಯನ್ನು ಬಿಚ್ಚಲು ಹೊರಟಿದ್ದರು. ಬೆರಳುದ್ದದ್ದು, ಸ್ವಲ್ಪ ಓರೆಯಾಗಿ ಜಡಿದದ್ದು. ಒಳಗೆ ಹೋಗುವಾಗ ನೀವೆಲ್ಲ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದಿರಿ. ಅಪ್ಪ ಅಡ್ಡ ಬಂದರು.

“ಬಿಚ್ಚಬ್ಯಾಡಿ ಸ್ವಾಮಿ. ಮನೆ ಕಾಯೋ ದೇವ್ರು. ನಮ್ಮನ್ನೂ ಕಾಯ್ಲಿ ಬಿಡಿ.”

“ದೇವರಲ್ಲ ರುದ್ರಪ್ಪನೋರೆ, ದೇವರ ಮಾತು ಬರೆದದ್ದು. ಬೇರೆಯವ್ರ ಕೈಲಿ ಬಿಟ್ಟು ಹೋಗಬಾರದು ನಾವು.”

“ನಾನೇನು ಬೇರೆಯೋನಾ?”

ಸಾಹೇಬರು ಕೊಳವೆಯಿಂದ ಕೈ ತೆಗೆದರು. ಬೇಡವಾದ ದಿನ ಎಸೆಯಬೇಡಿ, ಅಂಚೆಯಲ್ಲಿ ಕಳಿಸಿ ಎಂದರು. ಅಪ್ಪ ಕೈಮುಗಿದು ಒಪ್ಪಿದರು. ಅಂದಿನಿಂದ ಪ್ರತಿ ಸೋಮವಾರ ಪೂಜೆ ಮುಗಿಸಿ ಆ ಕೊಳವೆಗೂ ಮೂರು ಬೆರಳು ವಿಭೂತಿ ಹಚ್ಚುತ್ತಿದ್ದರು.

ನಾನಾಗ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಬಂದಾಗೆಲ್ಲ ಆ ವಿಭೂತಿ ನನ್ನ ಕಣ್ಣು ಚುಚ್ಚುತ್ತಿತ್ತು. ಒಂದು ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಕೊಳವೆ ಬಿಚ್ಚಿದೆ. ಒಳಗಿನ ಸುರುಳಿಯಲ್ಲಿ ಕಪ್ಪು ಶಾಯಿಯ ಪುಟ್ಟ ಅಕ್ಷರಗಳು, ಯಾರೋ ಉಸಿರು ಬಿಗಿಹಿಡಿದು ಬರೆದಂತೆ. ಓದು ಬಲ್ಲವನು ನಾನು, ಅಕ್ಷರ ನೋಡಲಿಲ್ಲ. ಬೆರಳಿಗೆ ಸಿಕ್ಕಿದ ಚರ್ಮವನ್ನಷ್ಟೇ ನೋಡಿದೆ. ಬಚ್ಚಲ ಬಾಗಿಲಲ್ಲೇ ಅಪ್ಪನನ್ನು ತಡೆದೆ.

“ಏನು ಗೊತ್ತೇನಪ್ಪಾ ಇದು? ಚರ್ಮ. ಬಂದೋರ ಚಪ್ಪಲಿ ಹೊರಗೆ ಬಿಡಿಸ್ತೀಯ, ಬಾಗಿಲಲ್ಲಿ ಆಡಿನ ಚರ್ಮಕ್ಕೆ ವಿಭೂತಿ ಹಚ್ತೀಯ.”

“ಕೊಡ್ಲಾ ಇಲ್ಲಿ,” ಎಂದರು ಅಪ್ಪ.

ಹಂಡೆಯ ಒಲೆ ಉರಿಯುತ್ತಿತ್ತು. ಆಮೇಲೆ — ಕೂದಲು ಸುಟ್ಟಂಥ ವಾಸನೆ. ನಡುವಿನದು ನನ್ನ ನೆನಪಿನಲ್ಲಿಲ್ಲ. ಒಮ್ಮೆ ಒಲೆಯ ಬಾಯಲ್ಲಿ ನನ್ನ ಕೈ ಕಾಣುತ್ತದೆ, ಇನ್ನೊಮ್ಮೆ ಅಪ್ಪನ ಕೈ. ಎರಡೂ ಅಷ್ಟೇ ಸ್ಪಷ್ಟ. ಅಪ್ಪ ಬದುಕಿರುವವರೆಗೆ ನಾನು ಕೇಳಲಿಲ್ಲ, ಅವರು ಆ ಮಾತೆತ್ತಲಿಲ್ಲ.

ಈಗ ಇಷ್ಟು ವರ್ಷದ ಮೇಲೆ, ಈ ಊರಲ್ಲಿ ಯೆಹೂದಿಗಳಿದ್ದರು ಎಂದು ನೆನೆಯುವ ಸಾಕ್ಷ್ಯಚಿತ್ರಕ್ಕಾಗಿ ನೀವು ಬಂದಿರಿ. ನಮ್ಮಿಬ್ಬರನ್ನೂ ಆ ಬಾಗಿಲಲ್ಲೇ ಕೂರಿಸಿ, ಅಲ್ಲಿದ್ದದ್ದು ಏನಾಯಿತು ಎಂದು ನಿರ್ದೇಶಕಿ ಕೇಳಿದರು. “ಚರ್ಮ ಅಂತ ಗೊತ್ತಾದ ತಕ್ಷಣ ನಮ್ಮಪ್ಪ ಒಲೆಗೆ ಹಾಕಿದ್ರು,” ಎಂದೆ. ಎಷ್ಟು ಸಲೀಸಾಗಿ ಬಂತು! ಮೇಲೆ ವಿವರಣೆ ಬೇರೆ — ಮಡಿ, ಆಚಾರ, ಆ ಕಾಲದವರ ಮನಸ್ಸು. ತಲೆಯಾಡಿಸುತ್ತಿದ್ದವರನ್ನು ಕಂಡು ಇನ್ನಷ್ಟು ಹೇಳಿದೆ.

ಮಾರನೆಯ ದಿನ ಹಳೇಬೀಡಿನ ಕೆರೆ ಏರಿಯ ಮೇಲೆ, ಚಿತ್ರೀಕರಣದ ಬಿಡುವಿನಲ್ಲಿ, ನೀವು ನನ್ನ ಪಕ್ಕ ಬಂದು ಕೂತಿರಿ.

“ಅಪ್ಪ ಸಾಯೋವರೆಗೂ ಕೇಳ್ತಿದ್ರು ಕಣೋ, ಬಿಟ್ಟು ಬಂದದ್ದು ತಪ್ಪಾಯ್ತಾ ಅಂತ. ರುದ್ರಪ್ಪನೋರು ಮಾತು ಕೊಟ್ಟವ್ರೆ ಬಿಡಪ್ಪ ಅಂತ ನಾನೇ ಸಮಾಧಾನ ಹೇಳ್ತಿದ್ದೆ. ಸುಳ್ಳು ಹೇಳಿ ಕಳಿಸಿದಂಗಾಯ್ತಲ್ಲ ಅವರನ್ನ.”

ನಾನು ಕಡಲೇಕಾಯಿ ಸುಲಿಯುತ್ತಾ ಕೂತಿದ್ದೆ.

ಮೊನ್ನೆ ಸಿದ್ಧವಾದ ಚಿತ್ರದ ಆ ತುಣುಕು ನನಗೆ ಬಂತು. ನನ್ನ ಮಾತು ಮುಗಿಯುತ್ತಲೇ ಅಪ್ಪನ ಫೋಟೊ, ಆಮೇಲೆ ಬರಿದಾದ ಬಾಗಿಲು. ಬರುವ ತಿಂಗಳು ಇದನ್ನು ನಮ್ಮೂರಿನಲ್ಲೇ ತೋರಿಸುತ್ತಾರೆ. ಕೊಟ್ಟ ಮಾತನ್ನು ಸುಟ್ಟವನು ರುದ್ರಪ್ಪ — ಇನ್ನು ಊರಿಗೂ ನಿಮಗೂ ಅವರು ಅಷ್ಟೇ. ನಿರ್ದೇಶಕಿಗೆ ಫೋನ್ ಮಾಡಿ, ಅದು ನಾನೇ ಇರಬಹುದು ಎಂದೆ.

“ಇರಬಹುದು ಅಂದ್ರೆ ಹೇಗೆ ಸಾರ್? ಚರಿತ್ರೆ ಮೇಷ್ಟ್ರು ನೀವು. ಯಾವುದು ನಿಜ ಹೇಳಿ, ಅದನ್ನ ಇಡ್ತೀನಿ.”

ಅತ್ತೆಯ ಊರಾದ ಗಂಡಸಿಗೆ ಬಸ್ ಹತ್ತಿದೆ. ಆ ರಜೆಯಲ್ಲಿ ನಮ್ಮ ಮನೆಯಲ್ಲಿದ್ದವರಲ್ಲಿ ಬದುಕಿರುವುದು ಅಪ್ಪನ ತಂಗಿ, ನನ್ನ ಗೌರತ್ತೆ ಮಾತ್ರ. ಬಾಯಿಗೆ ಮಾತು ಹಾಕಬಾರದೆಂದು, ಬಾಗಿಲ ಕೊಳವೆ ನೆನಪಿದೆಯೇ ಎಂದಷ್ಟೇ ಕೇಳಿದೆ.

“ನೆನಪಿಲ್ದೆ ಏನೋ? ಓದಿದ ಕೊಬ್ಬು ನಿಂಗೆ, ನಿಮ್ಮಪ್ಪ ಕೊಡು ಅಂದ್ರೂ ಒಲೆಗೆ ಎಸೆದೆ ನೀನು. ಅಣ್ಣಯ್ಯ ಬರಿಗೈ ಹಾಕ್ದ ಬೆಂಕಿಗೆ. ಸಿಕ್ಕಿದ್ದು ಮುದುಡ್ಕೊಂಡ ಕರೀ ಚೂರು. ಸಾಯ್ಬ್ರಿಗೆ ಇನ್ನೇನಂತ ಕಳಿಸ್ಲಿ ಗೌರಿ, ಅಂತ ಅದನ್ನೇ ಹಿಡ್ಕೊಂಡು ಕೂತಿದ್ದ. ನೀನು ಚೀಲ ಎತ್ಕೊಂಡು ಬಸ್ ಸ್ಟ್ಯಾಂಡಿಗೆ ಹೋದೆಯಲ್ಲ, ತಿರುಗಿ ನೋಡಿದ್ಯಾ?”

“ನಂಗ್ಯಾಕೆ ಯಾರೂ ಹೇಳ್ಲಿಲ್ಲ ಅತ್ತೆ?”

“ಹೇಳ್ಬ್ಯಾಡ ಅಂದಿದ್ದ. ಓದೋ ಹುಡುಗ, ನೊಂದ್ಕೋತಾನೆ ಅಂತ.”

ಇಷ್ಟು ಕೇಳಿದ ಮೇಲೂ, ಮಿಲ್ಕಕ್ಕ, ನನ್ನೊಳಗಿನವನು ತಪ್ಪಿಸಿಕೊಳ್ಳಲು ಸಂದಿ ಹುಡುಕಿದ: ಮುದುಕಿಯ ನೆನಪು, ಅಣ್ಣನ ಮೇಲಿನ ಮಮತೆ, ಇವರೂ ಕತೆ ಕಟ್ಟಿಕೊಂಡಿರಬಹುದು... ಅತ್ತೆಗೆ ನನ್ನ ಮುಖ ನೋಡಿಯೇ ತಿಳಿಯಿತೇನೋ. ಸುರುಳಿ ಸುಟ್ಟ ಅದೇ ವಾರ ತಮ್ಮ ತೋಟದ ನೋಂದಣಿ ಇತ್ತು, ಅಣ್ಣಯ್ಯನೇ ಸಾಕ್ಷಿ ಹಾಕಿದ್ದು ಎಂದು ಮಗನಿಗೆ ಹೇಳಿ ಬೀರುವಿನಿಂದ ಕ್ರಯಪತ್ರ ತೆಗೆಸಿದರು.

ನಿರ್ದೇಶಕಿಗೆ ತಿಳಿಸಿದ್ದೇನೆ. ಮತ್ತೆ ಅದೇ ಬಾಗಿಲಲ್ಲಿ ಕೂತು, ನನ್ನ ಕೈ ಎಂದು ಹೇಳುತ್ತೇನೆ. ಅದಕ್ಕೆ ಮುಂಚೆ ನಿಮಗೆ ತಿಳಿಯಬೇಕು ಎಂದು ಈ ಬರಹ. ಕ್ಷಮೆ ಕೇಳುತ್ತಿಲ್ಲ — ಸಾಹೇಬರಿಗೆ ನೀವು ಹೇಳಿದ್ದು ಸುಳ್ಳಲ್ಲ ಎಂದು ತಿಳಿಸಬೇಕಿತ್ತು, ಅಷ್ಟೇ.

ಆ ಕ್ರಯಪತ್ರದ ತಾರೀಖು ನನ್ನ ಆ ರಜೆಯ ತಿಂಗಳಿನದೇ. ಸಾಕ್ಷಿಗಳ ಜಾಗದಲ್ಲಿ, ದುಂಡಗೆ ರುಜು ಹಾಕುತ್ತಿದ್ದ ನಮ್ಮಪ್ಪನ ಹೆಸರನ್ನು ಪತ್ರ ಬರೆದವರೇ ಬರೆದಿದ್ದಾರೆ. ಮುಂದೆ ಎಡಗೈ ಹೆಬ್ಬೆಟ್ಟಿನ ಗುರುತು. ಅದರ ಕೆಳಗೆ ಸಣ್ಣಕ್ಷರದಲ್ಲಿ: ಬಲಗೈ ಸುಟ್ಟಿರುವುದರಿಂದ.