ಕೇಳಿ ತೆಗೆದ ಮೂಗು

ನಮ್ಮ ಡ್ರಾಯಿಂಗ್ ಸರ್ ಮೂಗು ಎಷ್ಟು ದೊಡ್ಡದೆಂದರೆ, ಬೋರ್ಡಿನ ಮೇಲೆ ಚಿತ್ರ ಬಿಡಿಸುವಾಗ ಕೈಗಿಂತ ಮೊದಲು ಮೂಗಿಗೇ ಚಾಕ್ ಹತ್ತುತ್ತಿತ್ತು. ಪಾಠ ಮುಗಿಯುವಷ್ಟರಲ್ಲಿ ಅದರ ತುದಿ ಒಂದು ದಿನ ಹಳದಿ, ಒಂದು ದಿನ ನೀಲಿ.

ಕೇಳದೆ ಯಾರ ಮುಖವನ್ನೂ ಅವರು ಬಿಡಿಸುತ್ತಿರಲಿಲ್ಲ. ಹುಲಿಗಿಯ ಗುಡಿ ಬೀದಿಯಲ್ಲಿ ಹೂವು-ಕಾಯಿ ಮಾರುವವರ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ನಿಮ್ಮ ಚಿತ್ರ ತಗೀಲೇನ್ರಿ?" ಎನ್ನುತ್ತಿದ್ದರು. "ಬ್ಯಾಡ್ರಿ" ಎಂದರೆ ಪೆನ್ಸಿಲ್ ಮತ್ತೆ ಕಿವಿಯ ಮೇಲೆ. ಒಮ್ಮೆ ಎಮ್ಮೆಯನ್ನೂ ಕೇಳಿದ್ದನ್ನು ನಾನೇ ಕಂಡಿದ್ದೇನೆ.

ಮುನಿರಾಬಾದಿನಲ್ಲಿ ಎಂಟನೆಯ ತರಗತಿ ಓದುವಾಗ ನಾನು ಬಾಯಿಬಡಕಿ. ಯಾರನ್ನಾದರೂ ಆಡಿಕೊಳ್ಳದಿದ್ದರೆ ಊಟ ಸೇರುತ್ತಿರಲಿಲ್ಲ. ಪಕ್ಕದಲ್ಲಿ ಕೂರುವ ಗೆಳತಿ ಮಾತೇ ಆಡದವಳು. ಡ್ಯಾಮಿನ ತೋಟಕ್ಕೆ ಹೋದಾಗ ಅವಳು ಆಕಳಿಸಿದ್ದನ್ನು ಫೋಟೊ ಹೊಡೆದು, ಕತ್ತೆ ಕಿವಿ ಅಂಟಿಸಿ, ಸ್ಟಿಕರ್ ಮಾಡಿ ತರಗತಿಯ ಮೊಬೈಲ್ ಗ್ರೂಪಿಗೆ ಬಿಟ್ಟೆ. ಆಮೇಲೆ ಯಾರು ಏನೇ ಕೇಳಲಿ, ಉತ್ತರಕ್ಕೆ ಅದೇ ಸ್ಟಿಕರ್. ನಾನು ಬೀಗಿದ್ದೇ ಬೀಗಿದ್ದು. ಅವಳು ಶಾಲೆಗೆ ಬರುವುದನ್ನೇ ಬಿಟ್ಟಳು. "ಬ್ಯಾಡಾದ್ರ ಸಾಲಿ ಬಿಟ್ಟುಬಿಡು" ಎಂದು ಅವಳಪ್ಪ ಹೇಳಿದರೆಂದೂ ಸುದ್ದಿ ಬಂತು.

ವಿಷಯ ತಿಳಿದರೂ ಸರ್ ಬೈಯಲಿಲ್ಲ. ಸಂಜೆ ನಮ್ಮ ಮನೆಗೆ ಬಂದು, ಅವ್ವ ಕೊಟ್ಟ ಚಹಾ ಕುಡಿದು, "ಏನವಾ, ನಂದೂ ಒಂದು ಸ್ಟಿಕರ್ ಮಾಡಿ ಗ್ರೂಪಿಗೆ ಹಾಕು. ಮೂಗು ಭಾಳ ದೊಡ್ಡದು ಬರ್ಲಿ" ಎಂದರು. ಅವರೆದುರಿಗೇ ಮಾಡಿದೆ. ಪರದೆಯ ತುಂಬ ನೀಲಿ ಮೂಗು! ಹೊಟ್ಟೆ ಹಿಡಿದುಕೊಂಡು ನಕ್ಕರು. ಅದನ್ನೇ ತಮ್ಮ ಡಿಪಿ ಮಾಡಿಕೊಂಡರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ನಾ ಕೇಳಿ ಮಾಡಿಸ್ಕೊಂಡೆ, ನಗು ಬಂತು. ಅಕಿ ಕೇಳಿದ್ಲೇನು?" ಎಂದರು.

ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮರುದಿನ ಗ್ರೂಪಿನಲ್ಲಿ ತಪ್ಪೊಪ್ಪಿಕೊಂಡು, ಸ್ಟಿಕರ್ ಅಳಿಸಿರೆಂದು ಎಲ್ಲರನ್ನೂ ಬೇಡಿಕೊಂಡು, ಗೆಳತಿಯ ಮನೆಗೆ ಹೋದೆ. ಅವಳು ಹೊಸ್ತಿಲ ಒಳಗೇ ನಿಂತು ನನ್ನ ಮಾತು ಕೇಳಿದಳು. ಕೊನೆಗೆ, "ನಾಳೆ ಬರ್ತೀನಿ. ಆದ್ರ ನೀ ನನ್ನ ಬಾಜು ಕೂಡ್ರಬ್ಯಾಡ" ಎಂದಳು. ದೀಪಾವಳಿಯ ತನಕ ಕೂರಗೊಡಲೂ ಇಲ್ಲ.

ಈಗ ಕೊಪ್ಪಳದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬದ ಬ್ಯಾನರಿಗೆಂದು ಇಡೀ ಓಣಿಯವರ ಫೋಟೊ ತರುತ್ತಾರೆ. "ಇವರನ್ನೆಲ್ಲ ಕೇಳೀರೇನ್ರಿ?" ಎನ್ನುತ್ತೇನೆ. ಗಿರಾಕಿಗಳು ನಗುತ್ತಾರೆ.

ಹೋದ ವರ್ಷ ಸರ್ ತೀರಿಕೊಂಡರು. ಶ್ರದ್ಧಾಂಜಲಿಯ ಬ್ಯಾನರ್ ಮಾಡುವ ಕೆಲಸ ನನಗೇ ಬಂತು. ಸರ್ ಫೋಟೊ ಹಾಕಲೇ, ಯಾವುದು ಹಾಕಲಿ ಎಂದು ಕೇಳಲು ಅವರ ಹೆಂಡತಿಗೆ ಫೋನ್ ಮಾಡಿದೆ.

"ಆ ನೀಲಿ ಮೂಗಿನ ಫೋಟೊನ ಹಾಕವಾ," ಎಂದರು. "'ಅಕಿ ಕೇಳೇ ಕೇಳ್ತಾಳ, ಹೂಂ ಅನ್ನು' ಅಂತ ನಿನ್ನ ಬಗ್ಗೆ ಅವರು ಹೇಳೇ ಹೋಗ್ಯಾರ."