ಪ್ಯಾನೆಲ್ಲಿಗೊಂದು ಸೇವಂತಿಗೆ ಹಾರ

ಫ್ರೆಂಡ್ಸ್, ಇವತ್ತು ನಮ್ಮ ಹೈಸ್ಕೂಲಿನಲ್ಲಿ ಭಕ್ತಿ ಬಿಸಿಲನ್ನು ಗೆದ್ದಿತು.

ನಾನು ಕೊಡಿಗೇನಹಳ್ಳಿ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಮಕ್ಕಳಿಗೆ ಸೋಲಾರ್ ತರಬೇತಿ ಕೊಡಲು ಕಡೆಗೂ ಒಂದು ಪುಟ್ಟ ಪ್ಯಾನೆಲ್ಲು, ಒಂದು ಬಲ್ಬು ಬಂದಿದ್ದವು. ಉದ್ಘಾಟನೆಗೆ ಮುಂಚೆ ನಮ್ಮ ಹೆಡ್‌ಮಾಸ್ಟರ್ ಪ್ಯಾನೆಲ್ಲಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಮೇಲೊಂದು ದಪ್ಪ ಸೇವಂತಿಗೆ ಹಾರ ಸುತ್ತಿದರು. ಮುಖ್ಯ ಅತಿಥಿ ಸ್ವಿಚ್ ಒತ್ತಿದರು. ಸುಡುಬಿಸಿಲಿದ್ದರೂ ಬಲ್ಬು ಉರಿಯಲಿಲ್ಲ.

ಒಂಬತ್ತನೇ ಕ್ಲಾಸಿನ ನಾಗವೇಣಿ ಎದ್ದು ನಿಂತಳು. "ಸಾರ್, ಹೂವಿನ ನೆಳ್ಳು ಬಿದ್ದೈತೆ. ಹಾರ ತೆಗೆದ್ರೆ ಉರೀತೈತೆ."

ನೆರಳಿನ ಈ ಪಾಠವನ್ನು ನಾನು ನಿನ್ನೆ ತಾನೇ ಮಾಡಿದ್ದೆ.

"ಪೂಜೆ ಮಾಡಿದ ಹೂವ ಯಾರಾದ್ರೂ ಕೀಳ್ತಾರಾ? ಕುಂತ್ಕೊಳ್ಳೆ ಸುಮ್ನೆ!" ಎಂದು ಹೆಡ್‌ಮಾಸ್ಟರ್ ಗದರಿದರು.

ನಾನೇ ಹಾರ ತೆಗೆಯಲು ಹೋದೆ. ಮುಖ್ಯ ಅತಿಥಿ ಕೈ ಅಡ್ಡ ಹಿಡಿದರು. "ಬುಡಿ ಮೇಡಂ, ಪೀಸೇ ಕೆಟ್ಟೋಗೈತೆ. ವಾಪಸ್ ಕಳಿಸ್ಬುಡಿ."

ಮಧ್ಯಾಹ್ನದೊಳಗೆ ಕಳಿಸಿಯೂ ಬಿಟ್ಟರು, ಹಾರದ ಸಮೇತ! ಮಕ್ಕಳಿಗೆ ಅದನ್ನು ಮುಟ್ಟಿ ನೋಡಲೂ ಸಿಗಲಿಲ್ಲ.

ಇವತ್ತು ನಮ್ಮ ಶಾಲೆಯಲ್ಲಿ ಉರಿದದ್ದು ನನ್ನ ಮೈ ಒಂದೇ.