ಆಮೆನ್ ಅಂದರೆ ಯಾರು?

ನಮ್ಮ ದಾನಿ ಮಾತಾಡಿದ! ಇವತ್ತು ಮುಂಜಾನೆ, ನನ್ನ ತೊಡೆಯ ಮೇಲೆ ಕೂತು, ಅಡುಗೆಮನೆಯವರೆಗೂ ಕೇಳುವ ಹಾಗೆ ಮಾತಾಡಿದ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಬೀದರಿನ ನಮ್ಮ ಓಣಿಯಲ್ಲಿ ಈ ಸುದ್ದಿ ಕೇಳದವರು ಯಾರೂ ಉಳಿದಿಲ್ಲ. ಹಾಲಿನವನಿಗೆ ಹೇಳಿದೆ, ಕಾಯಿಪಲ್ಯದವಳಿಗೆ ಹೇಳಿದೆ, ದಾರಿ ಕೇಳಲು ನಿಂತ ಯಾರೋ ಪರವೂರಿನವನಿಗೂ ಹೇಳಿದೆ. ಅವನು ಪಾಪ, ದಾರಿ ಕೇಳುವುದನ್ನೇ ಮರೆತು, "ಛಲೋ ಆಯ್ತು ಬಿಡ್ರಿ ಅಮ್ಮಾ" ಎಂದು ಹೊರಟುಹೋದ. ಇನ್ನು ನೀವು ಉಳಿದಿದ್ದೀರಿ. ಕೂಡಿರಿ, ಹೇಳುತ್ತೇನೆ.

ದಾನಿ ಅಂದರೆ ದಾನಿಯೇಲ, ನನ್ನ ಮಗನ ಮಗ. ನಾಲ್ಕು ತುಂಬಿ ಐದಕ್ಕೆ ಬಿದ್ದರೂ ಅವನ ಬಾಯಿಂದ ಒಂದು ಮಾತು ಬಂದಿರಲಿಲ್ಲ. ನಗುತ್ತಾನೆ, ಅಳುತ್ತಾನೆ, ಬೇಕಾದದ್ದಕ್ಕೆ ಬೆರಳು ಮಾಡುತ್ತಾನೆ. ಮಾತು ಮಾತ್ರ ಇಲ್ಲ. ಡಾಕ್ಟರು ಕಿವಿ ನೋಡಿದರು, ನಾಲಿಗೆ ನೋಡಿದರು, "ಎಲ್ಲಾ ಬರಾಬರ್ ಅದ, ಕಾಯ್ರಿ" ಎಂದರು. ಹೇಳಿದಷ್ಟು ಸುಲಭವೇ ಕಾಯುವುದು? ಓಣಿಯ ಮಕ್ಕಳು "ಅಮ್ಮೀ" ಎಂದು ಕೂಗಿಕೊಂಡು ಮನೆಗೆ ಓಡುವ ಹೊತ್ತಿಗೆ ನನ್ನ ಸೊಸೆ ಸುಗಂಧಾ ಸುಮ್ಮನೆ ಎದ್ದು ಬಾಗಿಲು ಮುಂದಕ್ಕೆ ಮಾಡುತ್ತಿದ್ದಳು. ನಾನು ನೋಡಿಯೂ ನೋಡದವಳ ಹಾಗೆ ಇರುತ್ತಿದ್ದೆ.

ನನ್ನ ಕೈಲಾದದ್ದು ಒಂದೇ. ದಿನಾ ಮುಂಜಾನೆ ಅವನನ್ನು ತೊಡೆಯ ಮೇಲೆ ಕೂಡಿಸಿಕೊಂಡು ದೇವರ ವಾಕ್ಯ ಓದುವುದು. ನನ್ನ ಓದು ಎಂಥದ್ದು ಅಂತ ನಿಮಗೆ ಗೊತ್ತಿಲ್ಲ. ಸಾಲೆಗೆ ಹೋದದ್ದು ಎರಡನೆಯ ಇಯತ್ತೆವರೆಗೆ. ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು ಹೋಗುತ್ತೇನೆ. ಒತ್ತಕ್ಷರ ಬಂದರೆ ಹಳ್ಳ ಕಂಡ ಎತ್ತಿನ ಹಾಗೆ ನಿಂತುಬಿಡುತ್ತೇನೆ. ನಾನು ನಿಂತಲ್ಲಿ ದಾನಿ ನನ್ನ ಬೆರಳು ಹಿಡಿದು ಮುಂದಕ್ಕೆ ತಳ್ಳುತ್ತಾನೆ. ಓದದವಳು, ಮಾತಾಡದವನು, ಇಬ್ಬರೂ ಕೂಡಿ ವಾಕ್ಯದ ಮೇಲೆ ಬೆರಳು ಎಳೆಯುವುದನ್ನು ನೋಡಿ ದೇವರಿಗೂ ನಗು ಬಂದಿರಬೇಕು. ಓದು ಮುಗಿದ ಮೇಲೆ ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತೇನೆ. ಇವತ್ತೂ ಮಾಡಿದೆ. ಕೊನೆಗೆ ನಾನು ಆಮೆನ್ ಅನ್ನುವುದಕ್ಕೆ ಬಾಯಿ ತೆಗೆದೆ ನೋಡಿ, ಅಷ್ಟರಲ್ಲಿ ಅವನೇ ಅಂದುಬಿಟ್ಟ!

ಏನಂದ ಎನ್ನುವುದರಲ್ಲೇ ಇರುವುದು ಗೊಂದಲ.

ಸುಗಂಧಾ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದಳು. "ಅತ್ತೀ, ಅಮ್ಮಿ ಅಂದಾನ್ರಿ! ನನಗ ಕರ್ದಾನ ನನ್ನ ಕೂಸು!"

ಸ್ನಾನಕ್ಕೆ ಹೊರಟಿದ್ದ ನನ್ನ ಮಗ ಟವೆಲು ಸುತ್ತಿಕೊಂಡೇ ಬಂದ. "ಎಲ್ಲಿ ಅಮ್ಮಿ? ಆಮೆನ್ ಅಂದಾನ. ಸಾಫ್ ಕೇಳಿಸ್ತು."

"ನಿಮ್ಮ ಕಿವ್ಯಾಗ ನೀರ ಹೋಗ್ಯಾವ," ಎಂದಳು ಸೊಸೆ.

"ನಾ ಇನ್ನಾ ಜಳಕಾನೇ ಮಾಡಿಲ್ಲ, ನೀರೆಲ್ಲಿಂದ ಹೋಗ್ಬೇಕು?"

ಇಬ್ಬರೂ ನಕ್ಕರು, ಇಬ್ಬರೂ ಅತ್ತರು, ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಬಾಯಿಯ ಹತ್ತಿರವೇ ಕಿವಿ ಇದ್ದವಳು ನಾನು, ನಾನೇ ಹೇಳಬೇಕು. ನಾನು ಹೇಳಲಿಲ್ಲ. ಯಾಕೆಂದರೆ ನನಗೆ ಕೇಳಿಸಿದ್ದು ಅಮ್ಮಿಯೂ ಅಲ್ಲ, ಆಮೆನ್ನೂ ಅಲ್ಲ. ನನಗೆ ಕೇಳಿಸಿದ್ದು "ಆಮೀನ್". ನಡುವಿನ ಮೀ ಉದ್ದಕ್ಕೆ ಎಳೆದ ಹಾಗೆ. ಹಾಗೆ ಎಳೆದು ಅಂದದ್ದನ್ನು ನಾನು ಇದೇ ರೀತಿ, ಮಗ್ಗುಲಲ್ಲೇ ಕೂತು, ಕೇಳಿದ್ದು ಜನ್ಮದಲ್ಲಿ ಒಬ್ಬಳ ಬಾಯಿಂದ ಮಾತ್ರ. ಆಗ ನನಗೆ ಆರೋ ಏಳೋ ವರ್ಷ.

ನಮ್ಮದು ಭಾಲ್ಕಿಯಿಂದ ಔರಾದಿನ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಹೆಸರು ಬೇಡ, ಅಲ್ಲಿಯವರು ಈಗಲೂ ನಮ್ಮ ಮದುವೆ ಮುಂಜಿಗೆ ಬರುವವರು. ಊರ ಹೊರಗೆ ನಮ್ಮ ಓಣಿ, ಓಣಿಯ ಕೊನೆಗೆ ಪ್ರಾರ್ಥನೆಯ ಗುಡಿಸಲು. ಬೋಧಕರು ಎಂದೋ ಒಮ್ಮೆ ಕುದುರೆಯ ಮೇಲೆ ಬರುತ್ತಿದ್ದರು. ಉಳಿದ ದಿನ ನಮ್ಮಪ್ಪನೇ ಪ್ರಾರ್ಥನೆ ನಡೆಸುತ್ತಿದ್ದ. ಅಪ್ಪನಿಗೂ ಓದು ಬರುತ್ತಿರಲಿಲ್ಲ. ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ.

ಆಗ ನಿಜಾಮನ ರಾಜ್ಯ. ಆ ಕಾಲದಲ್ಲಿ ಠಾಣೆಯ ದೊಡ್ಡ ಪೊಲೀಸ್ ಸಾಹೇಬನಿಗೆ ಅಮೀನ್ ಅನ್ನುತ್ತಿದ್ದರು. ಅಮೀನ್ ಬಂದ ಅಂದರೆ ನಮ್ಮ ಓಣಿಯಲ್ಲಿ ಕೋಳಿಗಳೂ ಬುಟ್ಟಿಯೊಳಗೆ ಹೋಗುತ್ತಿದ್ದವು. ಈಗ ನೀವೇ ಹೇಳಿ, ಅಂಥ ಕಾಲದ ಕೂಸಿಗೆ ಗುಡಿಸಲಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ, ಕೈ ಮುಗಿದು, ಪ್ರಾರ್ಥನೆಯ ಕೊನೆಗೆ ಒಟ್ಟಿಗೆ "ಆಮೆನ್!" ಅಂದರೆ ಏನು ಅರ್ಥ ಆಗಬೇಕು? ಅಮೀನನನ್ನೇ ಕರೆಯುತ್ತಿದ್ದಾರೆ ಎಂದುಕೊಂಡಿದ್ದೆ. ಕರೆದರೂ ಅವನು ಬರುವುದಿಲ್ಲವಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನ. ಒಮ್ಮೆ ತಡೆಯಲಾರದೆ ಅವ್ವನನ್ನು ಕೇಳಿದೆ.

"ಅವ್ವಾ, ಆಮೆನ್ ಅಂದ್ರ ಯಾರು?"

"ಯಾರೂ ಅಲ್ಲ ಹುಚ್ಚೀ. ಹಂಗೇ ಆಗ್ಲಿ ಅಂತ."

"ಹ್ಯಾಂಗ ಆಗ್ಲಿ ಅಂತ?"

"ದೇವರ ಹೇಳ್ದಂಗ. ಬಾಯಿ ಮುಚ್ಕೊಂಡ ಎಮ್ಮಿಗಿ ನೀರ ಇಡು."

ಅವ್ವ ಅಂಥವಳೇ. ಆದರೆ ದೇವರ ಮಾತಿನ ವಿಷಯದಲ್ಲಿ ಅವಳಿಗೆ ಒಂದು ಲೆಕ್ಕ ಇತ್ತು. ಹಾಲಿಗೆ ಹೆಪ್ಪು ಹಾಕುವಾಗೆಲ್ಲ ಹೇಳುತ್ತಿದ್ದಳು: "ದೇವರ ಮಾತ ಹೆಪ್ಪಿದ್ದಂಗ. ಒಂದ ಹನಿ ಹಾಕಿ ಸುಮ್ಮ ಇರ್ಬೇಕು. ಘಳಿಗ್ಗೊಮ್ಮೆ ಮುಚ್ಚಳ ತೆಗ್ದು ನೋಡಿದ್ರ ಮೊಸರಾಗಂಗಿಲ್ಲ." ನಾನು ಮುಚ್ಚಳ ತೆಗೆಯುವ ಜಾತಿಯವಳು. ಮೊಸರೂ ಕೆಡಿಸಿದ್ದೇನೆ, ಏಟೂ ತಿಂದಿದ್ದೇನೆ.

ಪೊಲೀಸ್ ಆಕ್ಷನ್ ಆದದ್ದು ಹೆಸರು, ಉದ್ದು ಕೀಳುವ ಮಳೆಗಾಲದಲ್ಲಿ. ಅದಕ್ಕೆ ಮೊದಲು ನಿಜಾಮನ ಕಡೆಯ ರಜಾಕಾರರ ಕುದುರೆ ಸಪ್ಪಳಕ್ಕೆ ಊರಿನ ಗೌಡರ ಮನೆಯವರು ನಮ್ಮ ಓಣಿಗೆ ಬಂದು ಅಡಗಿದ್ದುಂಟು. ಹಿಂದುಸ್ತಾನದ ದಂಡು ಬಂದಿತು, ನಿಜಾಮನ ಆಟ ಮುಗಿಯಿತು ಅಂದ ಮೇಲೆ ಎಲ್ಲ ತಿರುಗಾಮುರುಗಾ ಆಯಿತು. ಮೊದಲು ರಜಾಕಾರರು ಊರವರನ್ನು ಹುಡುಕುತ್ತಿದ್ದರು, ಆಮೇಲೆ ಊರವರು ಸಿಕ್ಕ ಮುಸಲ್ಮಾನರನ್ನೆಲ್ಲ. ಠಾಣೆಯ ಅಮೀನ್ ಎತ್ತಲೋ ಓಡಿಹೋದ.

ಆಗ ನಮ್ಮ ಮನೆಗೆ ಬಂದವಳು ಬಳೆಗಾರರ ರಹಮತ್ ಬೀ. ನಾನು ಅವಳಿಗೆ ಖಾಲಾ ಅನ್ನುತ್ತಿದ್ದೆ, ಚಿಕ್ಕವ್ವ ಅಂದ ಹಾಗೆ. ನನ್ನ ಕೈಗೆ ಮೊಟ್ಟಮೊದಲು ಬಳೆ ತೊಡಿಸಿದವಳೇ ಅವಳು. ಗಂಡ ಬಳೆಯ ಗಂಟು ಹೊತ್ತು ಔರಾದಿನ ಸಂತೆಗೆ ಹೋದವನು ತಿರುಗಿ ಬಂದಿರಲಿಲ್ಲ. ಮೊಣಕಾಲವರೆಗೆ ಕರಿಮಣ್ಣು ಮೆತ್ತಿಕೊಂಡು ಬಂದು ನಮ್ಮ ಒಲೆಯ ಮುಂದೆ ಕುಸಿದಳು. ಅವ್ವ ಎದ್ದು ಬಾಗಿಲು ಮುಂದಕ್ಕೆ ಮಾಡಿದಳು. ಅವಳ ಕಿವಿಯ ಸಾಲು ಬಾಲಿಗಳನ್ನು ಬಿಚ್ಚಿಸಿ, ತನ್ನ ಸೀರೆ ಉಡಿಸಿ, ತಲೆಯ ಮೇಲೆ ಸೆರಗು ಎಳೆದಳು. ಹಣೆ ಅವಳದೂ ಖಾಲಿ, ನಮ್ಮದೂ ಖಾಲಿ. ಪ್ರಾರ್ಥನೆಯಲ್ಲಿ ಸೆರಗು ಅವಳಿಗೂ ಬೇಕು, ನಮಗೂ ಬೇಕು. ಬಳೆ ಮಾತ್ರ ಬಿಚ್ಚಲು ಅವಳು ಒಪ್ಪಲಿಲ್ಲ. "ಅವರು ಬರ್ತಾರ, ಬುವಾ. ಬಳಿ ಹ್ಯಾಂಗ ತೆಗೀಲಿ?" ಎಂದಳು. ಅವ್ವನಿಗೆ ಅವಳು ಬುವಾ ಅನ್ನುತ್ತಿದ್ದಳು.

ಮುಂಜಾನೆ ಎಲ್ಲರೂ ಗುಡಿಸಲಿನಲ್ಲಿ ಕೂಡಿದ್ದಾಗ ಬೇರೆ ಊರಿನ ಗುಂಪೊಂದು ಬಡಿಗೆ, ಕೊಡಲಿ ಹಿಡಿದು ಬಾಗಿಲಿಗೆ ಬಂತು. ಅವರ ಹಿಂದೆ ನಮ್ಮೂರಿನವನೇ ಆದ ಕಲ್ಲಪ್ಪನೂ ಇದ್ದ.

"ಬಳಿಗಾರಾಕಿ ಇಲ್ಲಿ ಬಂದಾಳಂತ. ಎಲ್ಲಿ ಅದಾಳ?" ಎಂದ ಎಲ್ಲರಿಗಿಂತ ಮುಂದೆ ನಿಂತವನು.

ಅಪ್ಪ ಎದ್ದು ನಿಂತ. "ಇಲ್ಲಿ ಪ್ರಾರ್ಥನಾ ನಡದದ್ರಿ. ಕುಂತವರೆಲ್ಲಾ ನಮ್ಮ ಮಂದೀನೇ ಅದಾರ."

"ಹಂಗಾದ್ರ ಮಾಡ್ರಿ ಪ್ರಾರ್ಥನಾ, ಕೇಳ್ತೀವಿ. ಬಾಯಿ ಬರಲಾರದಾಕಿ ಯಾರು ಅಂತ ಗೊತ್ತಾಗ್ತದ."

ಅಪ್ಪ ಸಾಲು ಸಾಲಾಗಿ ಹೇಳಿಕೊಟ್ಟ, ನಾವೆಲ್ಲ ಹಿಂದಿನಿಂದ ಹೇಳಿದೆವು. ಖಾಲಾ ನನ್ನ ಮಗ್ಗುಲಲ್ಲೇ ಕೂತಿದ್ದಳು. ನಮ್ಮ ಪ್ರಾರ್ಥನೆಯ ಒಂದು ಮಾತೂ ಅವಳಿಗೆ ಬರುತ್ತಿರಲಿಲ್ಲ. ಬಂದಿದ್ದರೂ ಆ ಹೆದರಿಕೆಯಲ್ಲಿ ಹೊರಡುತ್ತಿರಲಿಲ್ಲ. ಅವಳ ಬಳೆ ಸಪ್ಪಳ ಆಗತೊಡಗಿತು. ಅವ್ವ ಸೆರಗಿನ ಒಳಗಿಂದಲೇ ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಅಪ್ಪ ಮುಗಿಸಲಿಕ್ಕೇ ಒಲ್ಲ! ಎತ್ತುಗಳಿಗಾಗಿ ಬೇಡಿದ, ಹೆಸರಿನ ರಾಶಿಗಾಗಿ ಬೇಡಿದ, ಯಾರದೋ ಹಲ್ಲುನೋವಿಗಾಗಿ ಬೇಡಿದ. ಬೇಡುವುದೆಲ್ಲ ಖಾಲಿಯಾಗಿ ಅವನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಆ ಮುಂದಿನವನು ಬಡಿಗೆಯಿಂದ ಖಾಲಾಳನ್ನು ತೋರಿಸಿದ.

"ಈಕಿ ಯಾಕ ಸುಮ್ಮ ಕುಂತಾಳ? ಈಕಿಗಿ ಬಾಯಿ ಇಲ್ಲೇನು?"

ಅಪ್ಪನಿಗೆ ಬೇರೇನೂ ತೋಚಲಿಲ್ಲ. "ತಂದೀ, ನಿನ್ನ ಮಾತಿನಂಗ ನಮಗ ಕಾಯಿ" ಎಂದು ಪ್ರಾರ್ಥನೆ ಮುಗಿಸಿಬಿಟ್ಟ.

ಆಗ ಎಲ್ಲರಿಗಿಂತ ಮೊದಲು, ಹೊಟ್ಟೆಯ ತಳದಿಂದ, ಖಾಲಾ ಅಂದಳು: "ಆಮೀ... ನ್."

ಅವರ ಪ್ರಾರ್ಥನೆಯ, ಅವರು ದುವಾ ಅನ್ನುವುದರ, ಕೊನೆಗೂ ಅದೇ ಮಾತು ಅಂತ ನನಗಾಗ ಎಲ್ಲಿ ಗೊತ್ತು? ಅವಳ ಹಿಂದೆ ನಾವೆಲ್ಲ ಆಮೆನ್ ಅಂದೆವು. ನಮ್ಮ ಗದ್ದಲದಲ್ಲಿ ಅವಳ ಉದ್ದನೆಯ ಮೀ ಮುಳುಗಿಹೋಯಿತು. ನನಗಂತೂ ಹಿಡಿಸಲಾರದ ಖುಷಿ. ಇಷ್ಟು ಜೋರಾಗಿ, ಇಷ್ಟು ಸರಿಯಾಗಿ ಯಾರೂ ಅವನನ್ನು ಕರೆದಿರಲಿಲ್ಲ. ಎದ್ದು ನಿಂತು ಗುಂಪಿನವರಿಗೆ ಹೇಳಿಯೇಬಿಟ್ಟೆ:

"ಈಗ ಬರ್ತಾನ ನೋಡ್ರಿ!"

"ಯಾರ ಬರ್ತಾನ?"

"ಅಮೀನ!"

ಗುಂಪಿಗೆ ಗುಂಪೇ ನಕ್ಕಿತು. "ಏ ಹುಡುಗಿ, ನಿಮ್ಮ ಅಮೀನ ಠಾಣಾ ಬಿಟ್ಟು ಓಡಿ ಹೋಗ್ಯಾನ!" ಎಂದು ಮುಂದಿನವನೇ ಹೊಟ್ಟೆ ಹಿಡಿದುಕೊಂಡ. ಕಲ್ಲಪ್ಪ ಮಾತ್ರ ನಗಲಿಲ್ಲ. ತನ್ನ ಹೆಂಡತಿಗೆ ವರ್ಷವರ್ಷವೂ ಬಳೆ ತೊಡಿಸಿದವಳನ್ನು ಅವನು ಗುರುತಿಸದೆ ಇರುತ್ತಾನೆಯೇ? ಖಾಲಾಳ ಮುಖ ನೋಡಿದ, ಆಮೇಲೆ ತನ್ನ ಕಾಲು ನೋಡಿಕೊಂಡ. "ನಡೀರಿ, ಇಲ್ಲೇನದ. ಎಲ್ಲಾ ಇವರ ಮಂದೀನೇ" ಎಂದ. ಹೋದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಜಗಳ. ವಾಕ್ಯವೇ ನಮ್ಮನ್ನು ಕಾಯಿತು ಎಂದು ಅವ್ವ. ಕಲ್ಲಪ್ಪ ಕಾಯ್ದ ಎಂದು ಅಪ್ಪ. "ಅವನ ಬಾಯಾಗ ಆ ಮಾತ ಇಟ್ಟಾವ್ರು ಯಾರು?" ಎಂದು ಮತ್ತೆ ಅವ್ವ. ಓಣಿಯವರೆಲ್ಲ ನಾನೇ ಕಾಯ್ದೆ ಎಂದು ನಕ್ಕು ನನಗೆ ಅಮೀನಮ್ಮ ಎಂದು ಹೆಸರಿಟ್ಟರು. ಮದುವೆಯಾಗಿ ಬೀದರಿಗೆ ಬಂದ ಮೇಲೂ ಆ ಹೆಸರು ನನ್ನ ಹಿಂದೆ ಬಸ್ಸು ಹತ್ತಿ ಬಂತು. ಖಾಲಾ ಏನಂದಳು ಅಂತೀರಾ? "ನಾ ನನ್ನ ಅಲ್ಲಾಗ ಕರ್ದೆ, ನೀವು ನಿಮ್ಮ ಯೇಸುಗ ಕರ್ದ್ರಿ. ಯಾರು ಓ ಅಂದ್ರೋ, ಕತ್ತಲದಾಗ ಧ್ವನಿ ಗೊತ್ತಾಗಲಿಲ್ಲ ಬುವಾ" ಎಂದಳು. ಅದು ಬೆಳಗ್ಗೆ ನಡೆದದ್ದು. ಅವಳಿಗೆ ಕತ್ತಲಾಗಿತ್ತು.

ನನ್ನ ಗೊಂದಲ ಇಷ್ಟಕ್ಕೆ ಮುಗಿಯಲಿಲ್ಲ. ಔರಾದಿಗೆ ಹೋದ ಅವಳ ಗಂಡನಿಗಾಗಿಯೂ ನಾವು ಪ್ರಾರ್ಥನೆ ಮಾಡಿದೆವು. ಅದೇ ಗುಡಿಸಲು, ಅದೇ ಅಪ್ಪ, ಅದೇ ವಾಕ್ಯ. ಖಾಲಾ ಹಾಗೆಯೇ ಎಳೆದು ಆಮೀನ್ ಅನ್ನುತ್ತಿದ್ದಳು. ಅವನು ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಗಲಾಟೆ ತಣ್ಣಗಾದ ಮೇಲೆ ಅಪ್ಪ ಅವಳನ್ನು ಬಂಡಿಯಲ್ಲಿ ಬೀದರಿನ ಅವಳ ಅಣ್ಣನ ಮನೆಗೆ ಮುಟ್ಟಿಸಿ ಬಂದ. ಬಂಡಿ ಹತ್ತುವಾಗ ಬಳೆ ಒಂದೊಂದಾಗಿ ಬಿಚ್ಚಿ ಅವ್ವನ ಉಡಿಯಲ್ಲಿ ಹಾಕಿದಳು. ಅಲ್ಲಿ ಕಾಯ್ದ ಮಾತು ಇಲ್ಲಿ ಯಾಕೆ ಕಾಯಲಿಲ್ಲ? ಅವ್ವನನ್ನು ಕೇಳಿದೆ. ಹೆಪ್ಪಿನ ಲೆಕ್ಕ ಅವಳು ಆವತ್ತು ಹೇಳಲಿಲ್ಲ. ಉಡಿಯಲ್ಲಿದ್ದ ಬಳೆ ನೋಡುತ್ತ ಕೂತಳು. ಬೋಧಕರನ್ನೂ ಕೇಳಿದ್ದೇನೆ. ಅವರ ಉತ್ತರ ಉದ್ದವಾಗಿತ್ತು, ನನಗೆ ತಿಳಿಯಲಿಲ್ಲ. ದಾನಿಯ ತಲೆಯ ಮೇಲೆ ಕೈಯಿಟ್ಟಾಗಲೆಲ್ಲ ನನ್ನ ಎದೆಯಲ್ಲಿ ಇದೇ: ಇದು ಆ ಮುಂಜಾನೆಯ ಪ್ರಾರ್ಥನೆಯೋ, ಔರಾದಿಗೆ ಹೋದವನಿಗಾಗಿ ಮಾಡಿದ ಪ್ರಾರ್ಥನೆಯೋ?

ಹಾಗಾಗಿ ಇವತ್ತು ಇಡೀ ದಿನ ನಾನು ಮುಚ್ಚಳ ತೆಗೆದು ತೆಗೆದು ನೋಡಿದೆ. "ದಾನೀ, ಆಮೆನ್ ಅನ್ನಪ್ಪ. ಅಮ್ಮಿ ಅನ್ನು. ನನಗ ಆಯಿ ಅಂದ್ರೂ ನಡೀತದ." ಪೇಢಾ ತೋರಿಸಿದೆ. ಪೇಢಾ ತಿಂದು ಓಡಿಹೋದ. ಮಧ್ಯಾಹ್ನದ ಹೊತ್ತಿಗೆ ನನಗೇ ಸಂಶಯ ಬರತೊಡಗಿತು. ನಾವು ಮೂವರೂ ನಮಗೆ ಬೇಕಾದದ್ದನ್ನು ಕೇಳಿಕೊಂಡೆವೋ ಏನೋ, ಅವನು ಬರೀ ಆಕಳಿಸಿದ್ದನೋ ಏನೋ. ಓಣಿಗೆಲ್ಲ ಹೇಳಿ ಬಂದಿದ್ದೇನಲ್ಲ!

ಸಂಜೆಗೆ ಮಗಳು ಅಳಿಯ ಮಕ್ಕಳನ್ನು ಕರೆದುಕೊಂಡು ಬಂದರು. ಕೋಳಿಸಾರು, ರೊಟ್ಟಿ, ಗೋಧಿ ಹುಗ್ಗಿ. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕೂತೆವು. ಊಟದ ಪ್ರಾರ್ಥನೆ ನನ್ನದು. ನಾನೂ ಅಪ್ಪನ ಹಾಗೆ ಎಳೆದೆ. ಎಲ್ಲರದೂ ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ದಾನಿಯ ಮೇಲೆ. ಮುಗಿಸಿ ಸುಮ್ಮನಾದೆ. ಯಾರೂ ಆಮೆನ್ ಅನ್ನಲಿಲ್ಲ, ಅವನಿಗಾಗಿ ಬಿಟ್ಟೆವು. ಅವನು ಹುಗ್ಗಿಯ ಬೋಗಣಿಯನ್ನೇ ನೋಡುತ್ತಿದ್ದ. ಕೊನೆಗೆ ಮಗ ಮೆಲ್ಲಗೆ, "ಅವ್ವಾ, ಸಾರು ಆರ್ತದ. ಉಣ್ಣೋಣ್ರಿ" ಎಂದ. ಸುಗಂಧಾ ಮುಖ ತಗ್ಗಿಸಿ ಬಡಿಸತೊಡಗಿದಳು.

ಉಂಡೆವು. ನಾನೂ ಕೇಳುವುದನ್ನು ಬಿಟ್ಟೆ. ಮೊಮ್ಮಕ್ಕಳು ಕಾಲಿನ ತುಂಡಿಗಾಗಿ ಜಗಳ ತೆಗೆದರು, ಅಳಿಯ ಯಾವುದೋ ಹಳೆಯ ತಮಾಷೆ ಹೇಳಿದ, ಎಲ್ಲರೂ ದಾನಿಯನ್ನು ಮರೆತೆವು. ದಾನಿ ತಟ್ಟೆ ನೆಕ್ಕಿ ಮುಗಿಸಿದ್ದ. ಸುಗಂಧಾ ಸೌಟು ಹಿಡಿದು, ದಿನಾ ಕೇಳುವ ಹಾಗೆಯೇ, ಉತ್ತರ ಬರುತ್ತದೆಂಬ ಆಸೆಯೂ ಇಲ್ಲದೆ ಕೇಳಿದಳು:

"ಇನ್ನಾ ಸ್ವಲ್ಪ ಹುಗ್ಗಿ ಹಾಕ್ಲೇನೋ ಅಪ್ಪಿ?"

ದಾನಿ ತಟ್ಟೆ ಎತ್ತಿ ಹಿಡಿದ.

"ಆಮೀನ್" ಎಂದ.

ಸೌಟು ಬೋಗಣಿಯಲ್ಲಿ ಬಿತ್ತು. ಮಗ ಅಲ್ಲಿಂದಲೇ "ಹಂಗೇ ಆಗ್ಲಿ ಅಂತಾನ ನೋಡ, ಹಾಕು ಹಾಕು!" ಎಂದು ಕೂಗಿದ. ಸುಗಂಧಾ ನಗುತ್ತ, ಅಳುತ್ತ, ತಟ್ಟೆ ತುಂಬಿ ಚೆಲ್ಲುವವರೆಗೆ ಹಾಕಿದಳು. ಆಮೇಲೆ ಅವನು ಮಾತಾಡಲಿಲ್ಲ, ಬಾಯಿ ತುಂಬಾ ಹುಗ್ಗಿ ಇತ್ತು. ನಾನೂ ಕೇಳಲಿಲ್ಲ. ನನ್ನ ತಟ್ಟೆಯನ್ನೂ ಮುಂದೆ ಮಾಡಿದೆ. ಸಕ್ಕರೆ ಬೇನೆಯವಳಿಗೆ ಹುಗ್ಗಿ ಬೇಡವೆಂದು ದಿನಾ ಬೈಯುವ ಸೊಸೆ ಇವತ್ತು ಬೈಯಲಿಲ್ಲ.

"ಅತ್ತೀ, ನಿಮಗೂ ಹಾಕ್ಲೇನ್ರಿ?" ಎಂದಳು.

ಏನಂದೆ ಅಂತ ಬೇರೆ ಹೇಳಬೇಕೇ? ಮೀ ಉದ್ದಕ್ಕೆ ಎಳೆದು ಅಂದೆ.